ಔಷಧ ಕೊಡುವ ವಿದ್ಯೆ: ಅಲ್ಲಿ ಮತ್ತು ಇಲ್ಲಿ

ಔಷಧದ ಅಂಗಡಿಗೆ ನೀವೆಲ್ಲರೂ ಹೋಗಿದ್ದೀರಿ. ಚೀಟಿ ಕೊಡುತ್ತೀರಿ, ಮಾತ್ರೆ ಬರುತ್ತದೆ, ಹಣ ಕೊಟ್ಟು ಹಿಂದಿರುಗುತ್ತೀರಿ. ಮಾತ್ರೆ ಕೊಟ್ಟವನು ಏನು ಓದಿದ್ದಾನೆ, ಹೇಗೆ ಓದಿದ್ದಾನೆ ಎಂದು ಯೋಚಿಸುವ ಪ್ರಸಂಗ ಬರುವುದು ಅಪರೂಪ. ವಿನಿಮಯ ವಿದ್ಯಾರ್ಥಿಯಾಗಿ ಜರ್ಮನಿಯ ಒಂದು ಔಷಧಾಲಯದಲ್ಲಿ ಎರಡು ತಿಂಗಳು ಇದ್ದು ಬಂದ ನನಗೆ ಆ ಪ್ರಸಂಗ ಒದಗಿತು. ಅದನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಔಷಧಶಾಸ್ತ್ರದ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟವೊಂದು 1949ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಒಂದು ದೇಶದ ವಿದ್ಯಾರ್ಥಿಯನ್ನು ಮತ್ತೊಂದು ದೇಶದ ಔಷಧಾಲಯಕ್ಕೋ ಆಸ್ಪತ್ರೆಗೋ ಕೆಲಸ ನೋಡಿ ಕಲಿಯಲು ಕಳುಹಿಸುವುದು ಅದರ ಕಾರ್ಯಗಳಲ್ಲಿ ಒಂದು. ನಾನು ಹೋದದ್ದು ಆ ಮಾರ್ಗವಾಗಿ.

ನಮ್ಮಲ್ಲಿ ಡಿಪ್ಲೊಮಾ ಎರಡು ವರ್ಷ. ಅದಾದ ಮೇಲೆ 500 ಗಂಟೆಗಳ ತರಬೇತಿ. ಇಷ್ಟು ಮುಗಿಸಿ ಹೆಸರು ನೋಂದಾಯಿಸಿಕೊಂಡವನು ಔಷಧ ಕೊಡಬಹುದು. ಬಿ.ಫಾರ್ಮ್ ನಾಲ್ಕು ವರ್ಷ. 2008ರಲ್ಲಿ ಪ್ರಾರಂಭವಾದ ಫಾರ್ಮ್.ಡಿ. ಆರು ವರ್ಷ. ಜರ್ಮನಿಯಲ್ಲಿ ಔಷಧತಜ್ಞನಾಗಬೇಕಾದವನು ನಾಲ್ಕು ವರ್ಷ ವಿಶ್ವವಿದ್ಯಾಲಯದಲ್ಲಿ ಓದಬೇಕು; ಅದರ ರಜೆಗಳಲ್ಲಿ ಎಂಟು ವಾರ ಕೆಲಸ ನೋಡಬೇಕು. ಐದನೆಯ ವರ್ಷ ಪೂರ್ತಿ ಕೆಲಸದಲ್ಲೇ ಕಳೆಯಬೇಕು. ಅದರಲ್ಲಿ ಆರು ತಿಂಗಳಾದರೂ ಊರಿನ ಔಷಧಾಲಯದಲ್ಲಿರಬೇಕು. ಸರ್ಕಾರದ ಪರೀಕ್ಷೆ ಮೂರು ಭಾಗವಾಗಿ ನಡೆಯುತ್ತದೆ. ಕೊನೆಯದು, ಈ ಕೆಲಸದ ವರ್ಷವಾದ ಮೇಲೆ, ಬಾಯಿಮಾತಿನ ಪರೀಕ್ಷೆ.

ಪುಸ್ತಕದ ವಿದ್ಯೆಯಲ್ಲಿ ನಾವು ಹಿಂದೆ ಬಿದ್ದಿಲ್ಲ. ಅವರು ಕಲಿಯುವ ರಸಾಯನಶಾಸ್ತ್ರವನ್ನೇ ನಾವೂ ಕಲಿಯುತ್ತೇವೆ. ವ್ಯತ್ಯಾಸ ನನಗೆ ಕಂಡದ್ದು ಬೇರೆ ಕಡೆ.

ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಚೀಟಿ ತಂದರು. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ಐದನೆಯ ವರ್ಷದ ವಿದ್ಯಾರ್ಥಿನಿ ಪೆಟ್ಟಿಗೆಯನ್ನು ತಂದಳು, ಆದರೆ ಕೂಡಲೇ ಕೊಡಲಿಲ್ಲ. “ವಾರದ ಯಾವ ದಿನ ತೆಗೆದುಕೊಳ್ಳುತ್ತೀರಿ?” ಎಂದು ಕೇಳಿದಳು. “ಬುಧವಾರ” ಎಂದರು ಅವರು. ಆಕೆ ಪೆಟ್ಟಿಗೆಯ ಮೇಲೆ ಆ ದಿನದ ಹೆಸರನ್ನು ದೊಡ್ಡದಾಗಿ ಬರೆದು, ಉಳಿದ ದಿನ ಬೇಡವೆಂದು ತಿಳಿಸಿ, ಅವರ ಬಾಯಿಂದಲೇ ಅದನ್ನು ಮತ್ತೊಮ್ಮೆ ಹೇಳಿಸಿದಳು. ಪಕ್ಕದಲ್ಲಿ ನಿಂತ ಹಿರಿಯ ಔಷಧತಜ್ಞರು ಮಾತ್ರೆಯನ್ನು ನೋಡುತ್ತಿರಲಿಲ್ಲ. ಆಕೆ ಆಡುವ ಮಾತನ್ನು ಕೇಳುತ್ತಿದ್ದರು.

ಆಗ ನನಗೆ ತಲೆ ಎತ್ತಲಾಗಲಿಲ್ಲ. ಡಿಪ್ಲೊಮಾ ತರಬೇತಿಯ ದಿನಗಳಲ್ಲಿ, ನಮ್ಮೂರಿನ ಒಂದು ಅಂಗಡಿಯಲ್ಲಿ, ಇದೇ ಮಾತ್ರೆಯನ್ನು ನಾನು ಒಬ್ಬ ಅಜ್ಜಿಗೆ ಕೊಟ್ಟಿದ್ದೆ. ಸಂಜೆಯ ಹೊತ್ತು, ಹತ್ತಾರು ಕೈಗಳು ಚೀಟಿ ಹಿಡಿದು ಚಾಚಿದ್ದವು. “ದಿನಾ ಒಂದಲ್ವೇನಪ್ಪಾ?” ಎಂದು ಅವರು ಕೇಳಿದಾಗ “ಚೀಟಿಯಲ್ಲಿದೆ ಅಜ್ಜಿ” ಎಂದುಬಿಟ್ಟೆ. ಅವರಿಗೆ ಓದು ಬರುತ್ತಿರಲಿಲ್ಲ. ವಾರಕ್ಕೊಮ್ಮೆ ನುಂಗಬೇಕಾದುದನ್ನು ಪ್ರತಿದಿನ ನುಂಗಿದರು. ಈ ಔಷಧ ಮಿತಿ ಮೀರಿದರೆ ಮೂಳೆಯ ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದನ್ನೇ ತಡೆಯುತ್ತದೆ, ಪ್ರಾಣಕ್ಕೂ ಅಪಾಯ. ಬಾಯೆಲ್ಲ ಹುಣ್ಣಾಗಿ ಆಸ್ಪತ್ರೆ ಸೇರಿದ ಅಜ್ಜಿ ಪುಣ್ಯಕ್ಕೆ ಉಳಿದರು. ಆ ಔಷಧದ ಗುಣವನ್ನು ಪರೀಕ್ಷೆಯಲ್ಲಿ ಬರೆದು ನಾನು ಒಳ್ಳೆಯ ಅಂಕ ಪಡೆದಿದ್ದೆ! ಹೇಳುವುದನ್ನು ಮಾತ್ರ ಕಲಿತಿರಲಿಲ್ಲ.

ರೋಗಿಗೆ ತಿಳಿಯಹೇಳಬೇಕೆಂಬ ನಿಯಮ ನಮ್ಮಲ್ಲೂ 2015ರಿಂದ ಇದೆ. ಆದರೆ ನಿಯಮ ನಾಲಿಗೆಗೆ ಬರಬೇಕಾದರೆ ಅಭ್ಯಾಸ ಬೇಕು. ನಮ್ಮ 500 ಗಂಟೆಗಳಲ್ಲಿ ಒಂದಿಷ್ಟಾದರೂ, ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ಕೇಳುತ್ತಿರುವಾಗ, ರೋಗಿಯೊಡನೆ ಮಾತನಾಡುವುದಕ್ಕೆ ಮೀಸಲಾದರೆ ಸಾಕು. ಅದಕ್ಕೆ ಹೊಸ ಕಟ್ಟಡವೂ ಬೇಡ, ಯಂತ್ರವೂ ಬೇಡ.

ಅಲ್ಲಿಯವರೆಗೆ ನಿಮ್ಮಲ್ಲಿ ಒಂದು ಬಿನ್ನಹ. ಮುಂದಿನ ಬಾರಿ ಮಾತ್ರೆ ಕೊಂಡಾಗ ಸಂಕೋಚಪಡದೆ ಕೇಳಿ: ಇದು ಯಾವುದಕ್ಕೆ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ? ಹಿಂದೆ ನಿಂತವರು ಅವಸರ ಮಾಡಿದರೂ ಚಿಂತೆಯಿಲ್ಲ. ನೀವು ಕೇಳಿದರೆ ನಮ್ಮಂಥವರು ಹೇಳುವುದನ್ನು ಕಲಿಯುತ್ತೇವೆ.