ಕಬ್ಬನ್ ಎಂಬ ಕುಲನಾಮ

ಬೆಂಗಳೂರಿನ ಕಬ್ಬನ್ ಉದ್ಯಾನವನ್ನರಿಯದ ಕನ್ನಡಿಗರು ವಿರಳ. 1834ರಿಂದ 1861ರವರೆಗೆ ಮೈಸೂರು ಸಂಸ್ಥಾನದ ಕಮೀಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರ ಹೆಸರು ಅದೆಂಬುದೂ ಅನೇಕರಿಗೆ ವಿದಿತವೇ. ಆದರೆ ಅವರ ವಂಶಕ್ಕೆ ಆ ಹೆಸರು ಬಂದ ಬಗೆಯನ್ನು ತಿಳಿಯಬೇಕಾದರೆ ಅವರ ಜನ್ಮಭೂಮಿಯಾದ ಮ್ಯಾನ್ ದ್ವೀಪಕ್ಕೆ ಹೋಗಬೇಕು.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಸಮುದ್ರದಲ್ಲಿರುವ ಈ ಪುಟ್ಟ ದ್ವೀಪವು 1266ರವರೆಗೆ ನಾರ್ವೆಯ ದೊರೆಗಳ ಅಧೀನದಲ್ಲಿದ್ದಿತಾದರೂ ಜನರ ಆಡುನುಡಿ ಐರಿಷ್ ಭಾಷೆಗೆ ಸೋದರಿಯಾದ ಮ್ಯಾಂಕ್ಸ್ ಆಗಿಯೇ ಉಳಿಯಿತು. ಆ ನುಡಿಯಲ್ಲಿ 'ಮ್ಯಾಕ್' ಎಂದರೆ ಮಗ. ಸ್ಕಾಟ್ಲೆಂಡಿನವರು ಈ ಪದವನ್ನು ಇಡಿಯಾಗಿ ಉಳಿಸಿಕೊಂಡರೆ, ದ್ವೀಪದವರು ಅದರ ಆದಿಯನ್ನು ನುಂಗಿ, ಕೊನೆಯ ಕಕಾರವೊಂದನ್ನು ಮಾತ್ರ ತಂದೆಯ ಹೆಸರಿಗೆ ಅಂಟಿಸಿದರು. ಮ್ಯಾಕ್ ಫಾಲ್, ಅಂದರೆ ಪಾಲನ ಮಗ, ಕ್ವೇಲ್ ಆದನು. ಮ್ಯಾಕ್ ಡರ್ಮಟ್ ಕರ್ಮೋಡ್ ಆದನು. ನಾರ್ವೆಯವರ ಥಾರ್ಕೆಲ್ ಎಂಬ ಹೆಸರು ಕೂಡ ಇದೇ ಮಾರ್ಗದಿಂದ ಕಾರ್ಕಿಲ್ ಆಯಿತು. ಅಂತೆಯೇ ಮ್ಯಾಕ್ ಗಿಬ್ಬನ್ ಎಂಬಲ್ಲಿ ಕಕಾರವು ಮುಂದಣ ಗಕಾರವನ್ನು ತನ್ನಲ್ಲಿ ಲೀನಗೊಳಿಸಿಕೊಳ್ಳಲು, ಕಬ್ಬನ್ ಎಂಬ ರೂಪ ಸಿದ್ಧಿಸಿತು.

ಇನ್ನು ಈ ಗಿಬ್ಬನ್ ಯಾರು? ಒತ್ತೆ ಮತ್ತು ತೇಜಸ್ಸು ಎಂಬರ್ಥದ ಎರಡು ಜರ್ಮಾನಿಕ್ ಪದಗಳು ಕೂಡಿ ಗಿಲ್ಬರ್ಟ್ ಎಂಬ ಹೆಸರಾಗಿದ್ದು, 1066ರಲ್ಲಿ ಇಂಗ್ಲೆಂಡನ್ನು ಜಯಿಸಿದ ನಾರ್ಮನರಿಂದ ಅದು ಆ ದೇಶದಲ್ಲಿ ಪ್ರಚುರವಾಯಿತು. ಮುದ್ದಿನಿಂದ ಅದನ್ನೇ ಗಿಬ್ ಎಂದು ಮೊಟಕುಗೊಳಿಸಿ, ಫ್ರೆಂಚರ ಅಲ್ಪಾರ್ಥಕ ಪ್ರತ್ಯಯವನ್ನು ಹಚ್ಚಿದರೆ ಗಿಬ್ಬನ್ ಆಗುತ್ತದೆ. ರೋಮ್ ಸಾಮ್ರಾಜ್ಯದ ಅವನತಿಯ ಇತಿಹಾಸಕಾರನಾದ ಎಡ್ವರ್ಡ್ ಗಿಬ್ಬನ್ನನ ಕುಲನಾಮವೂ ಇದೇ.

ಇಷ್ಟರಿಂದ ಕಬ್ಬನ್ ಮನೆತನದವರೆಲ್ಲರೂ ಗಿಬ್ಬನ್ನನ ಮಕ್ಕಳೆಂದು ಬಗೆಯಬಾರದು. ಇಂಥ ಹೆಸರು ಅಕ್ಷರಶಃ ಸತ್ಯವಾಗಿದ್ದುದು ಮೊದಲ ತಲೆಮಾರಿಗೆ ಮಾತ್ರ; ಅದೇ ಮಾತು ಮೊಮ್ಮಗನಿಗೂ ಮರಿಮಗನಿಗೂ ಅಂಟಿ, ಅದರ ಅರ್ಥವನ್ನು ಯಾರೂ ಕೇಳದಂತಾದಾಗಲೇ ಅದು ಕುಲನಾಮವೆನಿಸಿತು. ಮ್ಯಾಕಲ್ಡ್ ಎಂಬ ಊರಿನ ಇಗರ್ಜಿಯ ಪಾದ್ರಿಯಾಗಿದ್ದ ಥಾಮಸ್ಸನಿಗೆ 1775ರಲ್ಲಿ ಜನಿಸಿದ ಮಾರ್ಕ್, ಜೀವಮಾನವಿಡೀ 'ಗಿಬ್ಬನ್ನನ ಮಗ'ನೆಂದೇ ರುಜು ಮಾಡಿದ್ದರಲ್ಲಿ ಆದಕಾರಣ ಸೋಜಿಗವೇನೂ ಇಲ್ಲ.