ಹೆಡ್‌ಲೈಟ್ ಬಲ್ಬು ಪದೇ ಪದೇ ಸುಡುವುದೇಕೆ?

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)

ಹೊಸಕೋಟೆ ಸುತ್ತಮುತ್ತಲಿನ ಹಳ್ಳಿಗಳಿಂದ ಸೊಪ್ಪು ತರಕಾರಿ ಹೇರಿಕೊಂಡ ವಾಹನಗಳು ಬೆಳಗಿನ ಜಾವದ ಕತ್ತಲಲ್ಲೇ ಹೊರಡುತ್ತವೆ. ಹಳೆ ಮದರಾಸು ರಸ್ತೆ ಹಿಡಿದು, ಕೃಷ್ಣರಾಜಪುರದ ತೂಗುಸೇತುವೆ ದಾಟಿ, ಹಲಸೂರಿನ ಮೂಲಕ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಸೇರುವವರೆಗೂ ಚಾಲಕನಿಗೆ ಹೆಡ್‌ಲೈಟೇ ಕಣ್ಣು. ಒಂದು ದೀಪ ಕೆಟ್ಟ ವಾಹನ ಎದುರಿನಿಂದ ಬರುವವನಿಗೆ ಮೋಟಾರ್ ಸೈಕಲ್ಲಿನಂತೆ ಕಾಣುತ್ತದೆ. ಅವನು ಅಷ್ಟೇ ಜಾಗ ಬಿಡುತ್ತಾನೆ. ಮುಂದಿನ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಬಲ್ಬು ಸುಟ್ಟರೆ ಹೊಸದನ್ನು ಹಾಕುವುದು ಸರಿಯೆ. ಆದರೆ ಒಂದೆರಡು ತಿಂಗಳಿಗೊಮ್ಮೆ ಸುಡುತ್ತಿದ್ದರೆ ದೋಷ ಬಲ್ಬಿನದಲ್ಲ, ಬೇರೆಲ್ಲೋ ಇದೆ ಎಂದು ತಿಳಿಯಬೇಕು.

ಒಂದು ಕಡೆಯೋ, ಎರಡೂ ಕಡೆಯೋ?

ಹೊಲದಲ್ಲಿ ಒಂದೇ ಗಿಡ ಬಾಡಿದರೆ ಅದರ ಬೇರನ್ನು ಅಗೆದು ನೋಡುತ್ತೇವೆ. ಇಡೀ ತಾಕು ಬಾಡಿದರೆ ನೀರನ್ನೂ ಮಣ್ಣನ್ನೂ ಪರೀಕ್ಷಿಸುತ್ತೇವೆ. ಇಲ್ಲಿಯೂ ಅದೇ ಕ್ರಮ. ಯಾವಾಗಲೂ ಒಂದೇ ಬದಿಯ ಬಲ್ಬು ಸುಡುತ್ತಿದ್ದರೆ ದೋಷ ಆ ದೀಪದ ಬುಡದಲ್ಲಿದೆ. ಎರಡೂ ಬದಿಯವು ಸುಡುತ್ತಿದ್ದರೆ ವಿದ್ಯುತ್ತಿನ ಒತ್ತಡ, ಅಂದರೆ ವೋಲ್ಟೇಜು, ಹೆಚ್ಚಾಗಿರಬೇಕು.

ಒಂದೇ ಬದಿ ಸುಡುತ್ತಿದ್ದರೆ

ಸುಟ್ಟ ಬಲ್ಬನ್ನು ಎಸೆಯುವ ಮೊದಲು ಕೈಯಲ್ಲಿ ಹಿಡಿದು ನೋಡಿರಿ. ಅದೇ ರೋಗದ ಲಕ್ಷಣವನ್ನು ಹೇಳುತ್ತದೆ.

1. ಗಾಜು ತಿಳಿಯಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅದಕ್ಕೆ ಹೆಚ್ಚಾಗಿ ಅದುರುವಿಕೆ ಕಾರಣ. ದೀಪದ ಡೂಮಿನ ಸ್ಕ್ರೂ, ಬಲ್ಬನ್ನು ಹಿಡಿಯುವ ಕ್ಲಿಪ್ಪು ಸಡಿಲವಾಗಿವೆಯೇ ನೋಡಬೇಕು. ಟ್ರ್ಯಾಕ್ಟರಿನಲ್ಲಿ ಈ ದೋಷ ಸಾಮಾನ್ಯ.

2. ಒಳಗೆ ಬಿಳಿ ಅಥವಾ ಹಳದಿ ಪುಡಿ ಕೂತಿದ್ದರೆ ಬಲ್ಬಿನೊಳಕ್ಕೆ ಗಾಳಿ ನುಗ್ಗಿದೆ. ಡೂಮಿನ ಗಾಜು ಬಿರುಕುಬಿಟ್ಟು ಅಥವಾ ಹಿಂದಿನ ರಬ್ಬರ್ ಟೋಪಿ ಹರಿದು, ಕಾದ ಬಲ್ಬಿನ ಮೇಲೆ ನೀರಿನ ಹನಿ ಬಿದ್ದಾಗ ಹೀಗಾಗಬಹುದು.

3. ಗಾಜು ಒಂದೆಡೆ ಉಬ್ಬಿದ್ದರೆ ಅಲ್ಲಿ ಬೆರಳಿನ ಜಿಡ್ಡು ತಗುಲಿರಬಹುದು. 1971ರಲ್ಲಿ ಬಳಕೆಗೆ ಬಂದ, ಈಗಲೂ ಹಲವು ವಾಹನಗಳಲ್ಲಿರುವ ಎಚ್-4 ಹ್ಯಾಲೊಜೆನ್ ಬಲ್ಬಿನ ತಂತಿ 2,500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಗಾಜೂ ಕೆಲವು ನೂರು ಡಿಗ್ರಿಗೆ ಏರುತ್ತದೆ. ಜಿಡ್ಡಿರುವ ಜಾಗ ಮಿಕ್ಕ ಭಾಗಕ್ಕಿಂತ ಹೆಚ್ಚು ಕಾದು ಗಾಜು ಕೆಡುತ್ತದೆ. ಆದುದರಿಂದ ಬಲ್ಬನ್ನು ಲೋಹದ ಬುಡದಲ್ಲಿ ಹಿಡಿದೇ ಕೂರಿಸಬೇಕು. ಅಕಸ್ಮಾತ್ ಗಾಜಿಗೆ ಕೈ ತಗುಲಿದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಬೇಕು.

ಎರಡೂ ಬದಿ ಸುಡುತ್ತಿದ್ದರೆ

12 ವೋಲ್ಟಿನ ವಾಹನದಲ್ಲಿ ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರುತ್ತದೆ. ಇದನ್ನು ಹತೋಟಿಯಲ್ಲಿಡುವುದು ರೆಗ್ಯುಲೇಟರಿನ ಕೆಲಸ. ವೋಲ್ಟೇಜು ಶೇಕಡ 5ರಷ್ಟು ಏರಿದರೆ ಬೆಳಕು ಶೇಕಡ 15ರಿಂದ 20ರಷ್ಟು ಹೆಚ್ಚುತ್ತದೆ, ಆದರೆ ಬಲ್ಬಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶೇಕಡ 10ರಷ್ಟು ಏರಿದರೆ ಆಯುಸ್ಸು ಮೂರನೆಯ ಒಂದು ಭಾಗವೂ ಉಳಿಯುವುದಿಲ್ಲ. "ಈಚೆಗೆ ಲೈಟು ಬಹಳ ಚೆನ್ನಾಗಿದೆ" ಎಂದು ಸಂತೋಷಪಡುವಾಗಲೇ ಬಲ್ಬು ಸಾಯುತ್ತಿರಬಹುದು.

ಮೀಟರಿಲ್ಲದೆಯೂ ಇದರ ಸುಳಿವು ಸಿಗುತ್ತದೆ. ಬ್ಯಾಟರಿಗೆ ಮತ್ತೆ ಮತ್ತೆ ಡಿಸ್ಟಿಲ್ಡ್ ನೀರು ಹಾಕಬೇಕಾಗುವುದು, ಅದರಿಂದ ಘಾಟು ವಾಸನೆ ಬರುವುದು, ಎಕ್ಸಿಲರೇಟರ್ ಒತ್ತಿದಂತೆಲ್ಲ ದೀಪದ ಬೆಳಕು ಏರುತ್ತಲೇ ಹೋಗುವುದು ಇದರ ಲಕ್ಷಣಗಳು.

ಮಲ್ಟಿಮೀಟರ್ ಇದ್ದರೆ ಡಿ.ಸಿ. 20 ವೋಲ್ಟಿಗೆ ಇಟ್ಟು ಹೀಗೆ ಪರೀಕ್ಷಿಸಬಹುದು. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಒಳ್ಳೆಯ ಬ್ಯಾಟರಿ 12.4ರಿಂದ 12.7 ತೋರಿಸಬೇಕು. ಬಳಿಕ ಎಂಜಿನ್ ಚಾಲೂ ಮಾಡಿ, ದೀಪ ಹಾಕಿ, ವೇಗ ಏರಿಸಿ ನೋಡಬೇಕು. ಮುಳ್ಳು ಅಥವಾ ಅಂಕಿ 15ರ ಹತ್ತಿರ ಹೋದರೆ ರೆಗ್ಯುಲೇಟರಿನ ಕಡೆ ದೋಷವಿದೆ.

ಆದರೂ ಕೂಡಲೇ ಹೊಸ ರೆಗ್ಯುಲೇಟರ್ ಕೊಳ್ಳಬೇಡಿ. ಮೊದಲು ಅದರ ಅರ್ಥ್ ವೈರನ್ನೂ ಕನೆಕ್ಷನ್‌ಗಳನ್ನೂ ಉಜ್ಜಿ ಬಿಗಿ ಮಾಡಿರಿ. ಅಲ್ಲಿ ತುಕ್ಕಿದ್ದರೆ ನಿಜವಾದ ವೋಲ್ಟೇಜು ರೆಗ್ಯುಲೇಟರಿಗೆ ತಿಳಿಯದು. ಕಡಿಮೆಯಿದೆ ಎಂದು ಭ್ರಮಿಸಿ ಇನ್ನೂ ಏರಿಸುತ್ತದೆ. ಹಾಗೆಯೇ ಬ್ಯಾಟರಿಯ ಟರ್ಮಿನಲ್ಲುಗಳನ್ನು ಅಡುಗೆ ಸೋಡಾ ನೀರಿನಿಂದ ತೊಳೆದು ಒರೆಸಿ, ಬಿಗಿದು, ವ್ಯಾಸಲೀನ್ ಸವರಬೇಕು. ಆ ನೀರು ಬ್ಯಾಟರಿಯ ಒಳಕ್ಕೆ ಹೋಗಬಾರದು. ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಒಂದು ಕ್ಷಣ ಕಳಚಿದರೂ ವೋಲ್ಟೇಜು ಥಟ್ಟನೆ ನೆಗೆದು ಬಲ್ಬುಗಳು ಒಟ್ಟಿಗೇ ಹೋಗಬಹುದು. ಎಂಜಿನ್ ಚಾಲೂ ಇರುವಾಗ ಬ್ಯಾಟರಿ ವೈರನ್ನು ಬಿಚ್ಚಿ ನೋಡುವ ಹಳೆಯ ಅಭ್ಯಾಸವನ್ನು ಈ ಕಾರಣದಿಂದಲೇ ಬಿಡಬೇಕು.

ದೊಡ್ಡ ಬಲ್ಬು ಪರಿಹಾರವಲ್ಲ

ಬೆಳಕು ಮಂಕಾಯಿತೆಂದು 60/55 ವ್ಯಾಟಿನ ಜಾಗದಲ್ಲಿ 100/90 ವ್ಯಾಟಿನ ಬಲ್ಬು ಹಾಕಿಸುವವರುಂಟು. ಮಂಕು ಬೆಳಕಿಗೆ ಕಾರಣ ಹೆಚ್ಚಾಗಿ ತುಕ್ಕು ಹಿಡಿದ ಅರ್ಥ್ ಅಥವಾ ಸವೆದ ಸ್ವಿಚ್ಚು. ದೀಪ ಉರಿಯುತ್ತಿರುವಾಗ ಬ್ಯಾಟರಿಯಲ್ಲಿರುವ ವೋಲ್ಟೇಜಿಗೂ ಬಲ್ಬಿನ ಹೋಲ್ಡರಿನಲ್ಲಿ ಸಿಗುವುದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ಸರಿಪಡಿಸಬೇಕಾದದ್ದು ವೈರಿಂಗು. 60 ವ್ಯಾಟಿನ ಬಲ್ಬು ಸುಮಾರು 5 ಆಂಪಿಯರ್ ಎಳೆದರೆ 100 ವ್ಯಾಟಿನದು 8 ಆಂಪಿಯರ್ ಮೀರುತ್ತದೆ. ಹೋಲ್ಡರು ಕರಗುತ್ತದೆ, ಸ್ವಿಚ್ಚು ಸುಡುತ್ತದೆ. ಎದುರು ಬರುವವನ ಕಣ್ಣೂ ಕುಕ್ಕುತ್ತದೆ. ಇದಕ್ಕಿಂತ ಫ್ಯೂಸಿನೊಡನೆ ದಪ್ಪ ವೈರನ್ನೂ ರಿಲೇಯನ್ನೂ ಹಾಕಿಸುವುದು ಲೇಸು.

ಶಿವಾಜಿನಗರದಲ್ಲಿ ಹಳೆಯ ಬಿಡಿಭಾಗಗಳು ಅಗ್ಗವಾಗಿ ದೊರೆಯುತ್ತವೆ. ಡೂಮು, ಬ್ರಾಕೆಟ್ಟುಗಳನ್ನು ನೋಡಿ ಕೊಳ್ಳಬಹುದು. ಆದರೆ ಹಳೆಯ ಆಲ್ಟರ್ನೇಟರನ್ನು ಪರೀಕ್ಷೆ ಮಾಡಿಸದೆ ತರಬಾರದು. ಲಾರಿಯ 24 ವೋಲ್ಟಿನ ಬಲ್ಬು 12 ವೋಲ್ಟಿನ ವಾಹನದಲ್ಲಿ ಮಂಕಾಗಿ ಉರಿಯುವುದರಿಂದ, ಕೊಳ್ಳುವಾಗ ಬುಡದ ಮೇಲಿನ ಬರಹವನ್ನು ಓದಬೇಕು.

ರೈತ ಬಾಂಧವರೆ, ಸಂಜೆ ಲೋಡು ಹೇರುವಾಗಲೇ ಎರಡೂ ದೀಪಗಳನ್ನು, ಡಿಮ್ಮು ಮತ್ತು ಬ್ರೈಟು ಎರಡರಲ್ಲೂ, ಒಮ್ಮೆ ಹಾಕಿ ನೋಡಿರಿ. ಸರಿಯಾದ ಬಲ್ಬೊಂದು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಸದಾ ಜೊತೆಗಿರಲಿ. ಸೊಪ್ಪು ಒಂದು ಗಂಟೆ ತಡವಾಗಿ ಮಾರುಕಟ್ಟೆ ತಲುಪಿದರೆ ಬೆಲೆ ಇಳಿಯಬಹುದು, ಅಷ್ಟೆ. ಕುರುಡು ದೀಪದಲ್ಲಿ ಹೊರಟರೆ ಆಗುವ ನಷ್ಟವನ್ನು ಯಾವ ಬೆಳೆಯೂ ತುಂಬಿಕೊಡಲಾರದು.