ಒಂದೇ ಜನ, ಎರಡು ಆಡಳಿತ



ಗಡಿಯೆಂಬುದು ನಕಾಶೆಯ ಮೇಲಿನ ಒಂದು ಗೆರೆ ಮಾತ್ರವೆಂದು ಹೇಳುವವರುಂಟು. ಆ ಗೆರೆಯ ಯಾವ ಮಗ್ಗುಲಿನಲ್ಲಿ ಮನೆಯಿದೆಯೆಂಬುದರಿಂದ ಶಾಲೆ, ಕಚೇರಿ, ಆಸ್ಪತ್ರೆಗಳೆಲ್ಲ ಬೇರೆಯಾಗುವುದನ್ನು ಗಡಿನಾಡಿನವರಾದ ನಾವು ಬಲ್ಲೆವು. ಸಾವು ಬದುಕುಗಳೇ ಅಂತಹ ಗೆರೆಯೊಂದನ್ನು ಅನುಸರಿಸಿದ ಪ್ರಸಂಗವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ.

ಶಾಂತಸಾಗರದ ಸಮೋವಾ ದ್ವೀಪಗಳ ಜನರದು ಒಂದೇ ಭಾಷೆ, ಒಂದೇ ಸಂಸ್ಕೃತಿ. 1899ರಲ್ಲಿ ಪರಕೀಯರು ಆ ದ್ವೀಪಗಳನ್ನು ಹಂಚಿಕೊಂಡರು. ಪೂರ್ವಭಾಗವು ಅಮೆರಿಕದ ಪಾಲಾಯಿತು. ಜರ್ಮನಿಯ ಪಾಲಾಗಿದ್ದ ಪಶ್ಚಿಮಭಾಗವು 1914ರಲ್ಲಿ ನ್ಯೂಜಿಲೆಂಡಿನ ಸೇನಾಡಳಿತಕ್ಕೆ ಒಳಪಟ್ಟಿತು.

1918ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿಯು ಲೋಕವನ್ನೆಲ್ಲ ವ್ಯಾಪಿಸಿತು. ಭಾರತವೊಂದರಲ್ಲಿಯೇ ಕೋಟಿಗೂ ಮೇಲ್ಪಟ್ಟು ಜನ ಅಸುನೀಗಿದರು. ಆ ವರ್ಷದ ನವೆಂಬರ್ 7ರಂದು ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಹೊರಟ 'ತಲೂನ್' ಎಂಬ ಹಡಗು ಪಶ್ಚಿಮ ಸಮೋವಾದ ಆಪಿಯಾ ಬಂದರನ್ನು ಸೇರಿತು. ಹಡಗಿನಲ್ಲಿ ರೋಗಿಗಳಿದ್ದರೂ ಪ್ರಯಾಣಿಕರನ್ನು ಪ್ರತ್ಯೇಕವಾಗಿರಿಸದೆ ಇಳಿಯಗೊಡಲಾಯಿತು. ಕೆಲವೇ ವಾರಗಳಲ್ಲಿ ಸುಮಾರು 8,500 ಮಂದಿ ಮೃತರಾದರು. ಐವರಲ್ಲಿ ಒಬ್ಬರಿಗಿಂತಲೂ ಹೆಚ್ಚು! ಮನೆಮಂದಿಯೆಲ್ಲ ಹಾಸಿಗೆ ಹಿಡಿದುದರಿಂದ ಅನ್ನ ನೀರು ಕೊಡುವವರೂ ಇಲ್ಲವಾದರು. ನೆರೆಯ ಅಮೆರಿಕನ್ ಆಡಳಿತವು ವೈದ್ಯರನ್ನು ಕಳುಹಿಸಲು ಸಿದ್ಧವಿತ್ತು. ಆಡಳಿತಾಧಿಕಾರಿ ಕರ್ನಲ್ ರಾಬರ್ಟ್ ಲೋಗನ್ ಆ ನೆರವನ್ನು ಬಳಸಿಕೊಳ್ಳಲಿಲ್ಲ.

ಪೂರ್ವಭಾಗದ ಗವರ್ನರ್ ಜಾನ್ ಪೊಯರ್ ರೇಡಿಯೋ ಮೂಲಕ ಬಂದ ವಾರ್ತೆಯನ್ನು ಅಲಕ್ಷಿಸಲಿಲ್ಲ. ಬಂದ ಹಡಗುಗಳನ್ನು ತಡೆದಿರಿಸಿದರು. ಪಶ್ಚಿಮದಿಂದ ದೋಣಿಗಳು ಬಾರದಂತೆ ಅಲ್ಲಿಯ ಗ್ರಾಮಸ್ಥರೇ ಕಡಲತೀರದಲ್ಲಿ ಕಾವಲು ನಿಂತರು. ಆಚೆಯ ದಡದವರು ತಮ್ಮ ಬಂಧುಗಳೇ ಆಗಿದ್ದರೂ ಮನಸ್ಸನ್ನು ಗಟ್ಟಿ ಮಾಡಿಕೊಂಡು ಆ ಕಟ್ಟಳೆಯನ್ನು ಪಾಲಿಸಿದರು. ಫಲವಾಗಿ ಆ ಮಾರಿಗೆ ಅಲ್ಲಿ ಒಬ್ಬರೂ ಬಲಿಯಾಗಲಿಲ್ಲ.

ಸಭಿಕರು ಗಮನಿಸಬೇಕಾದ ಅಂಶ ಇದು. ಅಂದು ಆ ರೋಗಕ್ಕೆ ಮದ್ದು ಎರಡು ಕಡೆಯೂ ಇರಲಿಲ್ಲ. ಭೇದವಿದ್ದುದು ಮುಂದಾಲೋಚನೆಯಲ್ಲಿ, ಮತ್ತು ಆಳುವವರ ಆಜ್ಞೆಯನ್ನು ತಮ್ಮದೇ ಕೆಲಸವೆಂದು ಜನರು ಕೈಗೆತ್ತಿಕೊಂಡುದರಲ್ಲಿ.

ನ್ಯೂಜಿಲೆಂಡಿನಲ್ಲಿಯೂ ಸುಮಾರು 9,000 ಜನ ಮಡಿದರು. ಮೂಲನಿವಾಸಿಗಳಾದ ಮಾವೋರಿಗಳ ಸಾವಿನ ಪ್ರಮಾಣವು ಇತರರದಕ್ಕಿಂತ ಅನೇಕ ಪಟ್ಟು ಅಧಿಕವಾಗಿತ್ತು. 1919ರಲ್ಲಿ ವಿಚಾರಣಾ ಆಯೋಗಗಳು ಕುಳಿತವು. 1920ರಲ್ಲಿ ಹೊಸ ಆರೋಗ್ಯ ಕಾಯಿದೆಯಾಗಿ ಆರೋಗ್ಯ ಇಲಾಖೆಯು ಪುನರ್ರಚಿತವಾಯಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಯಿತೆನ್ನಬಹುದು. ಆದರೂ ಆ ಬಾವಿ ಮುಂದಿನವರಿಗೆ ಉಪಯೋಗವಾಯಿತೆಂಬುದನ್ನು ಮರೆಯಲಾಗದು. ಸಮೋವಾದವರ ಅಳಲು ಮಾತ್ರ ಆರಲಿಲ್ಲ. ಪಶ್ಚಿಮ ಸಮೋವಾ 1962ರಲ್ಲಿ ಸ್ವತಂತ್ರವಾಯಿತು. ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೆ ಬಂದು ಕ್ಷಮೆ ಯಾಚಿಸಿದುದು 2002ರಲ್ಲಿ. ಅಷ್ಟರಲ್ಲಿ ಎಂಬತ್ತನಾಲ್ಕು ವರ್ಷಗಳು ಸಂದಿದ್ದವು.

ಹಡಗುಗಳನ್ನು ತಡೆಯುವ ಅಧಿಕಾರ ನಮ್ಮಂತಹ ಸಂಘಗಳಿಗಿಲ್ಲ. ತೀರದಲ್ಲಿ ಕಾವಲು ನಿಂತ ಆ ಗ್ರಾಮಸ್ಥರ ಕೆಲಸ ಮಾತ್ರ ನಮ್ಮಿಂದ ಸಾಧ್ಯ. ಸಾಂಕ್ರಾಮಿಕ ರೋಗ ತಲೆದೋರಿದಾಗ ಸರಕಾರದ ಸೂಚನೆಯನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸೋಣ. ಹಾಸಿಗೆ ಹಿಡಿದ ನೆರೆಯವರಿಗೆ ಗಂಜಿ ನೀರು ಒದಗಿಸೋಣ. ಗಡಿಯ ಯಾವ ಮಗ್ಗುಲಿನ ಆಡಳಿತವೂ ಇದಕ್ಕೆ ಅಡ್ಡಿ ಬಾರದು.